ಮುಂದೆ ಸುರುಳಿ ಇದ್ದರೆ ನಮ್ಮ ಬಸ್ಸು

ಎಷ್ಟೋ ವರ್ಷ ಕಳೆದರೂ ತಲೆಯಲ್ಲಿ ಹಾಗೇ ಉಳಿದಿರುವ, ಯಾವ ಕೆಲಸಕ್ಕೂ ಬಾರದ ಸಣ್ಣ ಸಂಗತಿ ಯಾವುದು, ಅದು ಯಾಕೆ ಉಳಿಯಿತು ಅಂತ ಕೇಳಿದ್ದೀರಿ. ನನಗೆ ಮೊದಲು ಹೊಳೆದದ್ದು ಒಂದು ಬಸ್ಸಿನ ಬೋರ್ಡು.

ನನ್ನ ಊರು ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ. ಪೆರ್ಲ ದಾಟಿ ಅಡ್ಕಸ್ಥಳಕ್ಕೆ ಬಂದರೆ ಕೇರಳ ಮುಗಿಯಿತು, ಮುಂದೆ ಕರ್ನಾಟಕ. ಮನೆಯಲ್ಲಿ ಕನ್ನಡ, ತೋಟದಲ್ಲಿ ತುಳು, ಪೇಟೆಯಲ್ಲಿ ಮಲಯಾಳ. ಶಾಲೆಯಲ್ಲಿ ನಾನು ಕಲಿತದ್ದು ಕನ್ನಡ, ಇಂಗ್ಲಿಷ್, ಹಿಂದಿ. ಹಾಗಾಗಿ ಮಲಯಾಳ ಮಾತು ಕಿವಿಗೆ ಬಿದ್ದು ಬಿದ್ದೇ ಬಂದಿತ್ತು. ಓದಲು ಮಾತ್ರ ಒಂದಕ್ಷರ ಬರುತ್ತಿರಲಿಲ್ಲ.

ಕಾಸರಗೋಡು ಬಸ್‌ಸ್ಟ್ಯಾಂಡಿನಲ್ಲಿ ಕೆಲವು ಬಸ್ಸುಗಳಿಗೆ ಕನ್ನಡ ಬೋರ್ಡು ಇರುತ್ತಿತ್ತು, ಕೆಲವಕ್ಕೆ ಇರುತ್ತಿರಲಿಲ್ಲ. ಬರೀ ಮಲಯಾಳ ಇದ್ದಾಗ ನಾನು ಅಕ್ಷರವನ್ನು ಚಿತ್ರದ ಹಾಗೆ ನೋಡುತ್ತಿದ್ದೆ. ಪೆರ್ಲದ ಬೋರ್ಡಿನಲ್ಲಿ ಎಲ್ಲಕ್ಕಿಂತ ಮೊದಲು ಒಂದು ಸುರುಳಿ ಇರುತ್ತಿತ್ತು. ಬದಿಯಡ್ಕಕ್ಕೆ ಅದಿಲ್ಲ, ಕುಂಬಳೆಗೂ ಇಲ್ಲ. ಮುಂದೆ ಸುರುಳಿ ಇದ್ದರೆ ನಮ್ಮ ಬಸ್ಸು. ಇದು ನಾನೇ ಮಾಡಿಕೊಂಡ ಲೆಕ್ಕ, ಯಾರೂ ಹೇಳಿಕೊಟ್ಟದ್ದಲ್ಲ.

1984ರಲ್ಲಿ, ಕಾಸರಗೋಡು ಬೇರೆ ಜಿಲ್ಲೆಯಾದ ವರ್ಷ, ಚಿಕ್ಕಮ್ಮನ ಮನೆಯಿಂದ ಮೊದಲ ಸಲ ಒಬ್ಬಳೇ ವಾಪಸ್ ಹೊರಟಿದ್ದೆ. ಸುರುಳಿ ನೋಡಿ ಹತ್ತಿದೆ, ಕಿಟಕಿಯ ಹತ್ತಿರ ಕೂತೆ. ಚೆರ್ಕಳಕ್ಕೆ ಬಂದ ಕೂಡಲೇ ಎಲ್ಲರೂ ಇಳಿದರು. ಡ್ರೈವರು ಇಂಜಿನ್ ಬಂದ್ ಮಾಡಿ ಚಾ ಕುಡಿಯಲು ಹೋದರು. ಅದು ಚೆರ್ಕಳದವರೆಗೆ ಮಾತ್ರ ಹೋಗುವ ಬಸ್ಸು. ನಾನು ಇಳಿದು ಅಲ್ಲೇ ಒಂದು ಅಂಗಡಿಯ ಮುಂದೆ ನಿಂತೆ. ಅಳು ಬಂದಿರಬೇಕು. ಅಂಗಡಿಯವರು ‘ಎಂದಾ ಮೋಳೇ?’ (ಏನು ಮಗಳೇ?) ಅಂತ ಕೇಳಿದರು. ನಾನು ಬೋರ್ಡು ತೋರಿಸಿ ತುಳುವಿನಲ್ಲೂ ಕನ್ನಡದಲ್ಲೂ ಏನೇನೋ ಹೇಳಿದೆ. ಅವರಿಗೆ ಅರ್ಥವಾಯಿತು. ಚೆರ್ಕಳಕ್ಕೂ ಮುಂದೆ ಅದೇ ಸುರುಳಿ, ಕೊನೆಗೂ ಅದೇ ‘ಳ’ (ಮಲಯಾಳದಲ್ಲಿ ಪೆರ್ಲವನ್ನು ‘ಪೆರ್ಳ’ ಅಂತ ಬರೆಯುತ್ತಾರೆ). ‘ಗಿಡ್ಡ ಇದ್ದರೆ ಪೆರ್ಲ, ಉದ್ದ ಇದ್ದರೆ ಚೆರ್ಕಳ’ ಅಂತ ತುಳುವಿನಲ್ಲಿ ಹೇಳಿಕೊಟ್ಟು, ಮುಂದಿನ ಬಸ್ಸು ಬರುವವರೆಗೆ ಅಂಗಡಿಯ ಬೆಂಚಿನಲ್ಲಿ ಕೂರಿಸಿಕೊಂಡರು. ಆ ಪುಣ್ಯಾತ್ಮರ ಮುಖ ನನಗೆ ನೆನಪಿಲ್ಲ. ಅವರು ಹೇಳಿದ ಸೂತ್ರ ಮಾತ್ರ ನಿನ್ನೆ ಕೇಳಿದ ಹಾಗಿದೆ.

ಆ ಸುರುಳಿ ಏನು ಅಂತ ತಿಳಿದದ್ದು ಮದುವೆಯಾಗಿ ಬೆಂಗಳೂರಿಗೆ ಬಂದ ಮೇಲೆ. ಪಕ್ಕದ ಮನೆಯವರು ತಮ್ಮ ಮಗಳಿಗೆ ಮಲಯಾಳ ಅಕ್ಷರ ಬರೆಸುತ್ತಿದ್ದರು. ಅದು ಎತ್ವ! ನಾವು ಕನ್ನಡದಲ್ಲಿ ‘ಪೆ’ ಬರೆಯುವಾಗ ಎತ್ವವನ್ನು ಅಕ್ಷರದ ತಲೆಯ ಮೇಲೆ ಹಾಕುತ್ತೇವೆ, ಅಲ್ವಾ? ಮಲಯಾಳದಲ್ಲಿ ಅದನ್ನು ಅಕ್ಷರಕ್ಕಿಂತ ಮೊದಲೇ ಬೇರೆಯಾಗಿ ಬರೆಯುತ್ತಾರೆ. ಪೆ, ಚೆ ಎರಡಕ್ಕೂ ಮುಂದೆ ಅದೇ ಬರುತ್ತದೆ. ಅಷ್ಟು ವರ್ಷ ನಾನು ಒಂದು ಸ್ವರವನ್ನು ನಮ್ಮೂರಿನ ಗುರುತು ಅಂದುಕೊಂಡಿದ್ದೆ. ಅವತ್ತು ಆದ ಸಂತೋಷ ಹೇಳಲು ಬರುವುದಿಲ್ಲ. ತಕ್ಷಣ ಕೂತು ಪೆರ್ಲ ಅಂತ ಮಲಯಾಳದಲ್ಲಿ ಬರೆದೆ. ಒಂದೂ ತಪ್ಪಿಲ್ಲದೆ ಬಂತು. ಬೋರ್ಡು ಪೂರ್ತಿ ಒಳಗೇ ಇತ್ತು.

ಎರಡನೆಯದು ಅದೇ ದಾರಿಯ ಸ್ಟಾಪುಗಳು. ವಿದ್ಯಾನಗರ, ನಾಯಮ್ಮಾರ್‌ಮೂಲೆ, ಚೆರ್ಕಳ, ಎಡನೀರು, ನೆಲ್ಲಿಕಟ್ಟೆ, ಬದಿಯಡ್ಕ, ಉಕ್ಕಿನಡ್ಕ, ಪೆರ್ಲ. ಮಧ್ಯೆ ಇನ್ನೂ ಇವೆ. ನನ್ನ ಬಾಯಿಗೆ ಬರುವುದು ಇಷ್ಟೇ, ಯಾಕೆಂದರೆ ಕಂಡಕ್ಟರು ಬಾಗಿಲಲ್ಲಿ ನೇತಾಡಿಕೊಂಡು ಕೂಗುತ್ತಿದ್ದದ್ದು ಇಷ್ಟನ್ನೇ. ಅವರ ಬಾಯಲ್ಲಿ ಎಡನೀರು ‘ಎಡ್ನೀರೆಡ್ನೀರ್’ ಆಗುತ್ತಿತ್ತು, ಬದಿಯಡ್ಕ ‘ಬದಿಯಡುಕ್ಕ’ ಆಗುತ್ತಿತ್ತು. ನಿಂತವರನ್ನು ಒಳಗೆ ದೂಡುವಾಗ ಒಂದೇ ಉಸಿರಿಗೆ ‘ಮುಂದೆ ಹೋಗಿ, ದುಂಬು ಪೋಲೆ, ಮುಂಬೋಟ್ಟು ಪೋ’ ಅನ್ನುತ್ತಿದ್ದರು. ಮೂರು ಭಾಷೆಯಲ್ಲಿ ಒಂದೇ ಮಾತು. ಯಾರಿಗೆ ಯಾವುದು ಬೇಕೋ ಅದನ್ನು ತೆಗೆದುಕೊಳ್ಳುತ್ತಿದ್ದರು.

ಎಡನೀರಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಅಲ್ಲಿನ ಮಠದ ಕೇಶವಾನಂದ ಭಾರತೀ ಸ್ವಾಮಿಗಳು ಕೇರಳ ಸರ್ಕಾರದ ವಿರುದ್ಧ ಹಾಕಿದ ಕೇಸು ಸುಪ್ರೀಂ ಕೋರ್ಟಿಗೆ ಹೋಗಿತ್ತು. 13 ನ್ಯಾಯಮೂರ್ತಿಗಳು ಕೂತು, 68 ದಿನ ವಾದ ಕೇಳಿ, 1973ರ ಏಪ್ರಿಲ್ 24ರಂದು ತೀರ್ಪು ಕೊಟ್ಟರು. ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ ಅಂತ ಹೇಳಿದ ತೀರ್ಪು ಅದೇ. ಕಾಲೇಜಿನಲ್ಲಿ ಅದನ್ನು ಪಾಠವಾಗಿ ಓದಿದೆ, ಪರೀಕ್ಷೆಯಲ್ಲೂ ಬರೆದೆ. ಈಗ ಇದನ್ನು ಬರೆಯುವಾಗ ತಾರೀಕು, ದಿನಗಳ ಲೆಕ್ಕ ಎಲ್ಲವನ್ನೂ ಮತ್ತೆ ತೆಗೆದು ನೋಡಬೇಕಾಯಿತು. ಕಂಡಕ್ಟರು ಕೂಗಿದ್ದನ್ನು ನೋಡಬೇಕಾಗಲಿಲ್ಲ.

ಇನ್ನು 1089. ಮಂಗಳೂರು ಆಕಾಶವಾಣಿಯ ಕಿಲೋಹರ್ಟ್ಸ್ ಸಂಖ್ಯೆ. 1976ರ ಡಿಸೆಂಬರಿನಲ್ಲಿ ಆ ನಿಲಯ ಶುರುವಾದಾಗ ನಾನು ಇನ್ನೂ ಶಾಲೆಗೆ ಸೇರಿರಲಿಲ್ಲ. ನಮ್ಮ ರೇಡಿಯೋದ ಗಾಜಿನ ಮೇಲೆ ಅಪ್ಪ ಕೆಂಪು ಶಾಯಿಯಲ್ಲಿ ಒಂದು ಗೆರೆ ಎಳೆದಿದ್ದರು, ಮುಳ್ಳು ಅಲ್ಲಿಗೆ ಬಂದರೆ ಮಂಗಳೂರು. ಒಂದು ಕೂದಲಿನಷ್ಟು ಆಚೀಚೆ ಆದರೂ ಕರಕರ ಸದ್ದು. ದಿನಾ ಬೆಳಿಗ್ಗೆ ಮೀಟರ್ ಲೆಕ್ಕದಲ್ಲಿ 275 ಚಿಲ್ಲರೆ, ಕಿಲೋಹರ್ಟ್ಸ್ ಲೆಕ್ಕದಲ್ಲಿ 1089 ಅಂತ ಕೇಳಿ ಕೇಳಿ ಎರಡೂ ಕೂತುಬಿಟ್ಟವು. ಒಂದೇ ನಿಲಯಕ್ಕೆ ಎರಡು ಸಂಖ್ಯೆ ಯಾಕೆ ಅಂತ ಯಾರನ್ನೂ ಕೇಳಿರಲಿಲ್ಲ. ನನ್ನ ಮಗ ಪಿಯುಸಿಯಲ್ಲಿ ಭೌತಶಾಸ್ತ್ರ ಓದುವಾಗ ಬಿಡಿಸಿ ಹೇಳಿದ. ಅಲೆಯ ವೇಗವನ್ನು ಅದರ ಆವರ್ತನದಿಂದ ಭಾಗಿಸಿದರೆ ಅಲೆಯ ಉದ್ದ ಸಿಗುತ್ತದೆ. ರೇಡಿಯೋ ಅಲೆ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಹೋಗುತ್ತದೆ. 3 ಲಕ್ಷವನ್ನು 1089ರಿಂದ ಭಾಗಿಸಿದೆವು. 275.48! ಬ್ರಹ್ಮಾವರದಲ್ಲಿದ್ದ ಪ್ರಸಾರದ ಕಂಬದಿಂದ ಹೊರಟು ನಮ್ಮ ಅಡುಗೆಮನೆಗೆ ಬರುತ್ತಿದ್ದ ಆ ದನಿಯ ಒಂದೊಂದು ಅಲೆಯೂ ನಮ್ಮ ತೋಟಕ್ಕಿಂತ ಉದ್ದ ಇತ್ತು. ಚಿಕ್ಕಂದಿನಲ್ಲೇ ಯಾರಾದರೂ ಇದನ್ನು ಹೇಳಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಅನಿಸಿತು.

ಅದೇ ರೇಡಿಯೋದಲ್ಲಿ 6.55ಕ್ಕೆ ಸಂಸ್ಕೃತ ವಾರ್ತೆ. ‘ಸಂಪ್ರತಿ ವಾರ್ತಾಃ ಶ್ರೂಯಂತಾಮ್, ಪ್ರವಾಚಕಃ ಬಲದೇವಾನಂದ ಸಾಗರಃ.’ ಇದು ನನ್ನೊಬ್ಬಳದಲ್ಲ, ನನ್ನ ವಯಸ್ಸಿನವರು ಯಾರನ್ನು ಕೇಳಿದರೂ ಹೇಳುತ್ತಾರೆ. ವಾರ್ತೆಯಲ್ಲಿ ಏನಿತ್ತು ಅಂತ ಒಂದು ವಾಕ್ಯವೂ ಯಾರಿಗೂ ನೆನಪಿರುವುದಿಲ್ಲ.

ಪಿನ್ ಕೋಡು 671552 ಕೂಡ ಇದೆ. ನಮ್ಮ ಕಡೆ 671, ಗಡಿಯಾಚೆ ಅಡ್ಯನಡ್ಕದಲ್ಲಿದ್ದ ಅತ್ತೆಗೆ ಬರೆಯುವಾಗ 574. ಬಸ್ಸಿನಲ್ಲಿ ಸ್ವಲ್ಪ ದೂರ, ಕಾಗದದ ಮೇಲೆ ಬೇರೆಯೇ ಲೋಕ.

ಆದರೆ ನನಗೆ ಎಲ್ಲಕ್ಕಿಂತ ಹತ್ತಿರದ್ದು ಅಡಿಕೆ ಧಾರಣೆ, ಅಂದರೆ ಪೇಪರಿನಲ್ಲಿ ಬರುವ ಪೇಟೆಯ ದರ. ಅಜ್ಜ ಮಧ್ಯಾಹ್ನ ಊಟ ಮಾಡಿ, ಎಲೆ ಹಾಕಿಕೊಂಡು, ಜಗಲಿಯಲ್ಲಿ ಪೇಪರು ಬಿಡಿಸುತ್ತಿದ್ದರು. ಬೇರೆ ಸುದ್ದಿಯನ್ನೆಲ್ಲ ಮನಸ್ಸಿನಲ್ಲೇ ಓದುತ್ತಿದ್ದರು. ಧಾರಣೆ ಬಂದಾಗ ಮಾತ್ರ ಗಟ್ಟಿಯಾಗಿ ಓದಬೇಕು. ಹೊಸ ಅಡಿಕೆ, ಹಳೆ ಅಡಿಕೆ, ಡಬ್ಬಲ್ ಚೋಲ್, ಪಟೋರ, ಉಳ್ಳಿಗಡ್ಡೆ, ಕೋಕ, ಕರಿಗೋಟು. ಅಂಗಳದಲ್ಲಿ ನಲವತ್ತು ದಿನದ ಮೇಲೆ ಒಣಗಿಸಿದ ಅಡಿಕೆ ಕೊನೆಗೆ ಈ ಹೆಸರುಗಳಲ್ಲಿ ಯಾವುದಾದರೂ ಒಂದಾಗುತ್ತಿತ್ತು. ಆ ವರ್ಷ ನಮಗೆ ಹೊಸ ಬಟ್ಟೆ ಬರುತ್ತದೋ ಇಲ್ಲವೋ ಅನ್ನುವುದು ಎಷ್ಟು ಅಡಿಕೆ ಕಡಿಮೆ ದರದ ಪಟೋರಕ್ಕೆ ಹೋಯಿತು ಅನ್ನುವುದರ ಮೇಲಿತ್ತು. ಅದೆಲ್ಲ ನಮಗೆ ಆಗ ಗೊತ್ತಿರಲಿಲ್ಲ. ನಾನು, ಅಣ್ಣ ಇಬ್ಬರೂ ಅದನ್ನು ಪದ್ಯದ ಹಾಗೆ ಹೇಳಿಕೊಂಡು ಕುಂಟೆಬಿಲ್ಲೆ ಆಡುತ್ತಿದ್ದೆವು. ಒಂದೊಂದು ಮನೆಗೆ ಒಂದೊಂದು ಅಡಿಕೆ. ಕರಿಗೋಟಿನಲ್ಲಿ ಕಾಲಿಟ್ಟವರು ಔಟು.

ಈಗ ಯಾಕೆ ಅನ್ನುವ ಪ್ರಶ್ನೆಗೆ ಬರುತ್ತೇನೆ. ಇದರ ಬಗ್ಗೆ ನಾನು ಸ್ವಲ್ಪ ಓದಿದ್ದೇನೆ. ಜರ್ಮನಿಯ ಎಬಿಂಗ್‌ಹೌಸ್ ಅನ್ನುವವರು 1885ರಲ್ಲಿ ನೆನಪಿನ ಬಗ್ಗೆ ಒಂದು ಪುಸ್ತಕ ಬರೆದರು. ಅರ್ಥವೇ ಇಲ್ಲದ ಶಬ್ದಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ದಿನಕ್ಕೆ ಎಷ್ಟು ಮರೆಯುತ್ತದೆ ಅಂತ ಲೆಕ್ಕ ಇಟ್ಟರು. ಮೊದಲ ಒಂದೆರಡು ದಿನದಲ್ಲೇ ಹೆಚ್ಚಿನದು ಹೋಗುತ್ತದೆ, ಆಮೇಲೆ ಹೋಗುವುದು ನಿಧಾನವಾಗುತ್ತದೆ. ಅವರೇ ಹಿಂದೆ ಕಲಿತಿದ್ದ ಕೆಲವು ಪದ್ಯಗಳನ್ನು 22 ವರ್ಷದ ನಂತರ ಮತ್ತೆ ಕಲಿತು ನೋಡಿದರಂತೆ. ಪೂರ್ತಿ ಮರೆತಿತ್ತು ಅಂದುಕೊಂಡದ್ದನ್ನು ಹೊಸ ಪದ್ಯಗಳಿಗಿಂತ ಬೇಗ ಕಲಿತರು. ಅಂದರೆ ಏನೋ ಒಳಗೆ ಉಳಿದಿತ್ತು. ಸುಮಾರು ನೂರು ವರ್ಷದ ನಂತರ, 1984ರಲ್ಲಿ, ಅಮೆರಿಕದ ಹ್ಯಾರಿ ಬಾರಿಕ್ ಅವರು ಶಾಲೆಯಲ್ಲಿ ಸ್ಪ್ಯಾನಿಷ್ ಕಲಿತ 700ಕ್ಕೂ ಹೆಚ್ಚು ಜನರನ್ನು ಪರೀಕ್ಷೆ ಮಾಡಿದರು. ಕೆಲವರು ಕಲಿತು 50 ವರ್ಷ ಆಗಿತ್ತು. ಮೊದಲ ಮೂರರಿಂದ ಆರು ವರ್ಷದಲ್ಲಿ ಮರೆಯುವುದೆಲ್ಲ ಮರೆತು, ಅದನ್ನು ದಾಟಿ ಉಳಿದದ್ದು ಹತ್ತಾರು ವರ್ಷ ಅಲುಗಾಡದೆ ಇತ್ತು.

ಇದು ನನ್ನ ಅನುಭವಕ್ಕೂ ಹೊಂದುತ್ತದೆ. ಕಲಿತದ್ದನ್ನು ಹಲವು ವರ್ಷಗಳ ಕಾಲ, ಮಧ್ಯೆ ಮಧ್ಯೆ ಅಂತರ ಬಿಟ್ಟು ಮತ್ತೆ ಮತ್ತೆ ಕೇಳಿದರೆ ಅದು ಗಟ್ಟಿಯಾಗುತ್ತದೆ. ಬಸ್ಸು ವಾರಕ್ಕೊಮ್ಮೆ, ರೇಡಿಯೋ ದಿನಾ, ಧಾರಣೆಯೂ ದಿನಾ. ಪರೀಕ್ಷೆಗೆ ಓದಿದ್ದು ಮಾತ್ರ ಒಂದೇ ರಾತ್ರಿ.

ಆದರೆ ಬರೀ ಪುನರಾವರ್ತನೆ ಅಂತ ನಾನು ಒಪ್ಪುವುದಿಲ್ಲ. ನಮ್ಮ ಮನೆಯ ಗೋಡೆಯ ಮೇಲೆ ವರ್ಷಗಟ್ಟಲೆ ಒಂದು ಕ್ಯಾಲೆಂಡರಿನ ಚಿತ್ರ ಇತ್ತು, ದಿನಾ ನೋಡಿದ್ದೇನೆ, ಯಾವ ದೇವರು ಅಂತಲೂ ಈಗ ಹೇಳಲಾರೆ. ನನ್ನಲ್ಲಿ ಉಳಿದಿರುವುದು ಹೆಚ್ಚಾಗಿ ಒಬ್ಬರ ಬಾಯಿಂದ ಬಂದದ್ದು. ಕಂಡಕ್ಟರ ಕೂಗು, ರೇಡಿಯೋದ ದನಿ, ಅಂಗಡಿಯವರ ಸೂತ್ರ, ಅಜ್ಜನ ಓದು. ನಮ್ಮ ಕಡೆ ಮಕ್ಕಳಿಗೆ ಕಣ್ಣಿಗಿಂತ ಕಿವಿಯೇ ಜಾಸ್ತಿ ಕೆಲಸ ಮಾಡುತ್ತಿತ್ತು ಅಂತ ನನಗೆ ಅನಿಸುತ್ತದೆ. ಓದಲು ಬಾರದ ಅಕ್ಷರಗಳ ನಡುವೆ ಬೆಳೆಯುವಾಗ ಕೇಳಿದ್ದನ್ನು ಹಿಡಿದುಕೊಳ್ಳದೆ ಬೇರೆ ದಾರಿ ಇರಲಿಲ್ಲ. ಕಣ್ಣಿನಿಂದ ಉಳಿದ ಆ ಒಂದು ಸುರುಳಿ ಕೂಡ, ಚೆರ್ಕಳದಲ್ಲಿ ಆ ಒಂದು ಗಂಟೆ ಹೆದರಿ ಕೂತದ್ದರಿಂದ ಉಳಿದದ್ದು.

ಇದನ್ನು ಬರೆಯುವಾಗ ಧಾರಣೆಯ ಸಾಲು ಸರಿಯಾಗಿದೆಯೋ ಅಂತ ಒಂದು ಅನುಮಾನ ಬಂತು. ಊರಲ್ಲಿರುವ ಅಣ್ಣನಿಗೆ ಫೋನು ಮಾಡಿದೆ. ಅವನು ತೋಟದಲ್ಲಿದ್ದ, ಹಿಂದೆ ಪಂಪಿನ ಸದ್ದು ಕೇಳುತ್ತಿತ್ತು. ‘ಅಣ್ಣಾ, ಹಳೆ ಅಡಿಕೆ ಆದ ಮೇಲೆ ಎಂತದು?’ ಅಂತ ಮಾತ್ರ ಕೇಳಿದೆ. ಎಂತಕ್ಕೆ ಅಂತ ಕೇಳಲಿಲ್ಲ ಅವನು. ‘ಡಬ್ಬಲ್ ಚೋಲ್’ ಅಂದ, ‘ಪಟೋರ’ ಅಂದ, ಅಲ್ಲಿ ನಿಲ್ಲಿಸಿ ಒಂದು ಸಣ್ಣ ಕೆಮ್ಮು ಕೆಮ್ಮಿದ, ಆಮೇಲೆ ಉಳ್ಳಿಗಡ್ಡೆ, ಕೋಕ, ಕರಿಗೋಟು ಮುಗಿಸಿದ.

ಅಜ್ಜ ಆ ಜಾಗದಲ್ಲಿ ಕೆಮ್ಮುತ್ತಿದ್ದರು. ನನಗೆ ಅದು ಮರೆತೇ ಹೋಗಿತ್ತು.