ಎಡವಿದಾಗ ಒಂದೇ ಹೆಜ್ಜೆಯಲ್ಲಿ ಸಾವರಿಸಿಕೊಳ್ಳುವುದು ವಯಸ್ಸಾದವರಿಗೆ ಏಕೆ ಕಷ್ಟ?

ಹೊಸ್ತಿಲು ಎಡವಿದ ಮೊಮ್ಮಗಳು ಒಂದು ಕಾಲನ್ನು ಮುಂದಕ್ಕೆ ಊರಿ ನಿಂತುಬಿಡುತ್ತಾಳೆ. ಅದೇ ಹೊಸ್ತಿಲಿನಲ್ಲಿ ಅಜ್ಜಿ ಮೂರು ನಾಲ್ಕು ಪುಟ್ಟ ಹೆಜ್ಜೆ ಮುಗ್ಗರಿಸಿ ಗೋಡೆ ಹಿಡಿಯುತ್ತಾರೆ. ಎಡವಿದ್ದು ಅವರಿಗೆ ತಡವಾಗಿ ಗೊತ್ತಾಗುತ್ತದೆ ಎಂದು ನಾವು ಭಾವಿಸುತ್ತೇವೆ. ಮುಖ್ಯ ಕಾರಣ ಅದಲ್ಲ.

1997ರಲ್ಲಿ ಅಮೆರಿಕದ ಸಂಶೋಧಕರು ಪ್ರಕಟಿಸಿದ ಅಧ್ಯಯನವೊಂದರಲ್ಲಿ ಗಂಡಸರನ್ನು ಹಗ್ಗದ ಆಸರೆಯಲ್ಲಿ ಮುಂದಕ್ಕೆ ವಾಲಿಸಿ, ತಟ್ಟನೆ ಬಿಡಲಾಯಿತು. ಒಂದೇ ಹೆಜ್ಜೆಯಲ್ಲಿ ನಿಲ್ಲಬೇಕು, ಅಷ್ಟೇ ನಿಯಮ. ಯುವಕರು ಸರಾಸರಿ 32 ಡಿಗ್ರಿಯಷ್ಟು ವಾಲಿದರೂ ನಿಂತರು. ಹಿರಿಯರ ಮಿತಿ ಸುಮಾರು 24 ಡಿಗ್ರಿ. ಪ್ರತಿಕ್ರಿಯೆ ಶುರುವಾಗುವ ಸಮಯದಲ್ಲಿ ಇದ್ದ ಅಂತರ ಕೆಲವೇ ಮಿಲಿಸೆಕೆಂಡು. ಹಿರಿಯರು ಸೋತದ್ದು ಕಾಲನ್ನು ಬೀಸಿ ಮುಂದಿಡುವ ವೇಗದಲ್ಲಿ.

ಊರುವ ಪಾದ ವಾಲುತ್ತಿರುವ ದೇಹಕ್ಕಿಂತ ಮುಂದೆ ಹೋಗಿ ಬೀಳಬೇಕು, ಬಿದ್ದ ಮೇಲೆ ಮಂಡಿ ಕುಸಿಯದೆ ಇಡೀ ಭಾರ ತಡೆಯಬೇಕು. ಹೆಜ್ಜೆ ಗಿಡ್ಡವಾದರೆ ದೇಹ ಇನ್ನೂ ಮುಂದಕ್ಕೆ ಸಾಗುತ್ತಲೇ ಇರುತ್ತದೆ; ಆಗ ಎರಡನೆಯ, ಮೂರನೆಯ ಹೆಜ್ಜೆ ಅನಿವಾರ್ಯ. ಹಾಗೆ ಹಲವು ಹೆಜ್ಜೆ ಇಟ್ಟಾದರೂ ಬೀಳದೆ ಉಳಿದರೆ ಅದು ಒಳ್ಳೆಯದೇ.

ನನಗೆ ಹೆಚ್ಚು ಭಯವಿರುವುದು ಪಕ್ಕಕ್ಕೆ ಬೀಳುವುದರ ಬಗ್ಗೆ. ಅಲ್ಲಿ ಒಂದು ಕಾಲು ಇನ್ನೊಂದಕ್ಕೆ ತಾಗಬಹುದು, ಪೆಟ್ಟು ನೇರವಾಗಿ ಸೊಂಟದ ಕೀಲಿಗೇ ಬೀಳುತ್ತದೆ. ಫಿಸಿಯೋಥೆರಪಿಸ್ಟ್ ನೆರವಿನಲ್ಲಿ, ಸುರಕ್ಷತಾ ಪಟ್ಟಿ ಕಟ್ಟಿಕೊಂಡು, ಬೇಕೆಂದೇ ಸಮತೋಲನ ತಪ್ಪಿಸಿ ಹೆಜ್ಜೆ ಹಾಕಿಸುವ ತರಬೇತಿ ಬೀಳುವುದನ್ನು ಕಡಿಮೆ ಮಾಡುತ್ತದೆ. ಮನೆಯಲ್ಲಿ ಒಬ್ಬರೇ ಇದನ್ನು ಪ್ರಯತ್ನಿಸಬೇಡಿ.