ನೀರು ಬದಲಿಸಿದ ಮರುದಿನ ಮೀನು ಯಾಕೆ ಸಾಯುತ್ತವೆ?

ಹೋದ ತಿಂಗಳು ದೊಡ್ಡ ಅಕ್ವೇರಿಯಂ ಬಗ್ಗೆ ಎರಡು ಸಾಲು ಬರೆದದ್ದೇ ತಡ, ಕಾಗದಗಳ ಮೇಲೆ ಕಾಗದ. ಮುಕ್ಕಾಲು ಪಾಲು ನೀರು ಬದಲಿಸುವ ಗೋಳೇ. ನನಗೆ ಆಶ್ಚರ್ಯವಾಗಲಿಲ್ಲ. ನಮ್ಮ ಮನೆಗೆ ಆರಡಿ ಟ್ಯಾಂಕು ತಂದವರು ನಮ್ಮ ಯಜಮಾನರು. ತಂದದ್ದಷ್ಟೇ. 14 ವರ್ಷದಿಂದ ಪ್ರತಿ ಭಾನುವಾರ ನೀರು ಬದಲಿಸುತ್ತಿರುವವಳು ನಾನು.

ಪ್ರಶ್ನೆ: ನಮ್ಮದು 6 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ ಟ್ಯಾಂಕು. 4 ಆಸ್ಕರ್ ಮೀನು ಇದ್ದವು. 5 ತಿಂಗಳಿಂದ ನೀರು ಬದಲಿಸಿರಲಿಲ್ಲ, ಕಡಿಮೆಯಾದಷ್ಟು ತುಂಬಿಸುತ್ತಿದ್ದೆ. ಮಗಳನ್ನು ನೋಡಲು ಗಂಡಿನ ಕಡೆಯವರು ಬರುತ್ತಾರೆಂದು ಮುಕ್ಕಾಲು ನೀರು ತೆಗೆದು, ಫಿಲ್ಟರಿನ ಸ್ಪಂಜನ್ನು ನಲ್ಲಿ ಕೆಳಗೆ ಚೆನ್ನಾಗಿ ಉಜ್ಜಿ, ಬೋರ್‌ವೆಲ್ ನೀರು ತುಂಬಿಸಿದೆ. ಟ್ಯಾಂಕು ಹೊಸದರ ಹಾಗೆ ಹೊಳೆಯುತ್ತಿತ್ತು. ಬೆಳಿಗ್ಗೆ ಎದ್ದು ನೋಡಿದರೆ 3 ಮೀನು ಸತ್ತಿವೆ. ಚೊಕ್ಕ ನೀರಿಗೆ ಮೀನು ಸಾಯುತ್ತಾ ಮೇಡಂ? — ಓದುಗರು, ದಾವಣಗೆರೆ

ಉತ್ತರ: ಚೊಕ್ಕ ನೀರಿಗೆ ಸಾಯಲ್ಲ. ಒಂದೇ ಏಟಿಗೆ ನೀರು ಬದಲಾದರೆ ಸಾಯುತ್ತವೆ.

ಸಾರು ಕುದ್ದು ಬತ್ತಿದರೆ ಉಪ್ಪು ಜಾಸ್ತಿಯಾಗುತ್ತೆ ಅಲ್ವಾ? ಟ್ಯಾಂಕಿನಲ್ಲೂ ಅಷ್ಟೇ. ಆವಿಯಾಗುವುದು ನೀರು ಮಾತ್ರ. ಉಪ್ಪು, ಮೀನಿನ ಹೊಲಸು ಅಲ್ಲೇ ಉಳಿಯುತ್ತದೆ. ಮೇಲಿಂದ ತುಂಬಿಸುವ ಬೋರ್‌ವೆಲ್ ನೀರು ಇನ್ನಷ್ಟು ಉಪ್ಪು ತರುತ್ತದೆ. ತುಂಬಿಸುವುದು ಬೇರೆ, ಬದಲಿಸುವುದು ಬೇರೆ.

ಮೀನಿನ ಹೊಲಸು, ತಿಂದು ಬಿಟ್ಟ ಕಾಳು ಕೊಳೆತು ಅಮೋನಿಯ ಆಗುತ್ತದೆ. ಅದು ವಿಷ. ಸ್ಪಂಜಿನಲ್ಲಿ ನೆಲೆಸಿದ ಬ್ಯಾಕ್ಟೀರಿಯಾ ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ಈ ಕೆಲಸ ನಡೆಯುತ್ತಾ ನಡೆಯುತ್ತಾ ನೀರು ಹುಳಿಯಾಗುತ್ತದೆ, ಅಂದರೆ ಪಿಎಚ್ ಇಳಿಯುತ್ತದೆ. ತುಂಬಾ ಇಳಿದರೆ ಬ್ಯಾಕ್ಟೀರಿಯಾ ಮಂಕಾಗುತ್ತವೆ, ಅಮೋನಿಯ ಹಾಗೇ ಉಳಿಯುತ್ತದೆ. ಆದರೆ ಹುಳಿ ನೀರಿನಲ್ಲಿ ಅದು ಅಮೋನಿಯಂ ಎಂಬ ರೂಪದಲ್ಲಿರುತ್ತದೆ. ಅದರಿಂದ ಅಷ್ಟು ತೊಂದರೆಯಿಲ್ಲ. ನಿಮ್ಮ ಮೀನುಗಳು ನಿಧಾನಕ್ಕೆ ಆ ನೀರಿಗೆ ಒಗ್ಗಿಕೊಂಡಿದ್ದವು. ಅದಕ್ಕೇ ಹಿಂದಿನ ದಿನದವರೆಗೂ ಕಾಳು ಹಾಕಿದರೆ ಓಡಿ ಬರುತ್ತಿದ್ದವು.

ನೀವು ಬೋರ್‌ವೆಲ್ ನೀರು ಸುರಿದಿರಿ. ಅದರಲ್ಲಿ ಆ ಹುಳಿಯಿಲ್ಲ, ಪಿಎಚ್ ಸರ್ರನೆ ಏರಿತು. ಉಳಿದ ಕಾಲು ಭಾಗದಲ್ಲಿದ್ದ ಅಮೋನಿಯಂ ಮತ್ತೆ ಅಮೋನಿಯ ಆಯಿತು. ಅದೇ ರಾತ್ರಿ ಅದನ್ನು ತಿನ್ನಬೇಕಾದ ಬ್ಯಾಕ್ಟೀರಿಯಾ ನಲ್ಲಿ ಕೆಳಗೆ ತೊಳೆದು ಹೋಗಿದ್ದವು. ಹೆಪ್ಪಿನ ಪಾತ್ರೆಯನ್ನು ಫಳಫಳ ಬೆಳಗಿಟ್ಟು, ಮೊಸರು ಯಾಕಾಗಲಿಲ್ಲ ಎಂದು ಕೇಳಿದ ಹಾಗಾಯಿತು. ಸ್ಪಂಜು ಕಂದು ಬಣ್ಣಕ್ಕಿದ್ದರೆ ಇರಲಿ. ತೀರಾ ಕಟ್ಟಿಕೊಂಡಾಗ, ಟ್ಯಾಂಕಿನಿಂದಲೇ ತೆಗೆದ ಒಂದು ಬಕೆಟ್ ನೀರಿನಲ್ಲಿ ಎರಡು ಸಲ ಹಿಂಡಿ ವಾಪಸ್ ಹಾಕಿ. ನೀರು ಬದಲಿಸುವ ದಿನ ಆ ಕೆಲಸವೂ ಬೇಡ.

ಉಳಿದ ಒಂದು ಮೀನಿಗೆ ಎರಡು ದಿನ ಊಟ ನಿಲ್ಲಿಸಿ, ಏರ್ ಪಂಪ್ ಹಗಲು ರಾತ್ರಿ ಓಡಿಸಿ, ದಿನಾ ಹತ್ತನೇ ಒಂದು ಭಾಗ ನೀರು ಬದಲಿಸಿ. ಅಂಗಡಿಯಲ್ಲಿ ಅಮೋನಿಯ ಪರೀಕ್ಷೆಯ ಹನಿ ಕಿಟ್ ಸಿಗುತ್ತದೆ, ಒಂದು ತಂದಿಟ್ಟುಕೊಳ್ಳಿ. ಅದು ಸೊನ್ನೆಗೆ ಬರುವವರೆಗೂ ಹೊಸ ಮೀನು ತರಬೇಡಿ. ತಿಂಗಳುಗಟ್ಟಲೆ ಬಿಟ್ಟ ಟ್ಯಾಂಕು ಇಟ್ಟುಕೊಂಡಿರುವ ಬೇರೆಯವರೂ ಕೇಳಿ: ದಿನ ಬಿಟ್ಟು ದಿನ ಹತ್ತು ಪರ್ಸೆಂಟ್, ಎರಡು ಮೂರು ವಾರ. ಅಲ್ಲಿಗೆ ದಾರಿಗೆ ಬರುತ್ತದೆ. ಆಮೇಲೆ ವಾರಕ್ಕೆ ಕಾಲು ಭಾಗ.

ಗಂಡಿನ ಕಡೆಯವರು ಒಪ್ಪಿದರಾ? ಅದನ್ನು ಬರೆಯಲೇ ಇಲ್ಲ ನೀವು.

ಪ್ರಶ್ನೆ: ನನಗೆ 61 ವರ್ಷ. 5 ಅಡಿ ಉದ್ದ, ಒಂದೂವರೆ ಅಡಿ ಅಗಲ, 2 ಅಡಿ ಎತ್ತರದ ಟ್ಯಾಂಕು ಇದೆ. ವಾರ ವಾರ ಬಕೆಟ್ ಹೊತ್ತು ಸೊಂಟ ಹಿಡಿದುಕೊಂಡಿದೆ. ಮಾರಿಬಿಡಲೇ? — ಓದುಗರು, ಶಿವಮೊಗ್ಗ

ಉತ್ತರ: ಬಕೆಟ್ ಮಾರಿ, ಟ್ಯಾಂಕು ಇರಲಿ.

ಲೆಕ್ಕ ಹಾಕೋಣ. ನಿಮ್ಮದು 15 ಘನ ಅಡಿ. ಒಂದು ಘನ ಅಡಿಗೆ ಸುಮಾರು 28 ಲೀಟರ್, ಅಲ್ಲಿಗೆ 420 ಲೀಟರ್. ಕಾಲು ಭಾಗ ಅಂದರೆ 105. 15 ಲೀಟರಿನ ಬಕೆಟ್‌ನಲ್ಲಿ ಹೊರಗೆ 7, ಒಳಗೆ 7. ಒಟ್ಟು 210 ಕೆ.ಜಿ. ಹೊತ್ತ ಹಾಗೆ. ಇಷ್ಟು ಕಷ್ಟವಾದರೆ ಯಾರಾದರೂ ಒಂದು ವಾರ ತಪ್ಪಿಸುತ್ತಾರೆ, ಮುಂದಿನ ವಾರವೂ ತಪ್ಪಿಸುತ್ತಾರೆ. ಕೊನೆಗೆ ದಾವಣಗೆರೆಯವರ ಕಥೆ.

ಗಿಡಕ್ಕೆ ನೀರು ಬಿಡುವ ಪೈಪು ತನ್ನಿ, ಬಚ್ಚಲಿಗೋ ಬಾಲ್ಕನಿಯ ಕುಂಡಗಳಿಗೋ ಮುಟ್ಟುವಷ್ಟು ಉದ್ದ. ಪೈಪಿನ ತುಂಬ ನೀರು ತುಂಬಿಸಿ, ಎರಡೂ ತುದಿಯನ್ನು ಹೆಬ್ಬೆರಳಿನಲ್ಲಿ ಒತ್ತಿ ಹಿಡಿದು, ಒಂದನ್ನು ಟ್ಯಾಂಕಿಗೂ ಇನ್ನೊಂದನ್ನು ಕೆಳಗೂ ಬಿಟ್ಟರೆ ನೀರು ತಾನಾಗಿ ಇಳಿಯುತ್ತದೆ. ಉದ್ದ ಪೈಪಿಗೆ ಯಾರನ್ನಾದರೂ ಜೊತೆಗೆ ಕರೆಯಿರಿ. ಬಾಯಲ್ಲಿ ಎಳೆಯಬೇಡಿ, ಆ ರುಚಿ ನನಗೆ ಗೊತ್ತು. ಸಣ್ಣ ಮೀನಿದ್ದರೆ ತುದಿಗೆ ಟೀ ಸೋಸುವ ಜರಡಿ ಕಟ್ಟಿ. ಗಾಜಿಗೆ ಪೈಪು ಕಚ್ಚಿ ನಿಲ್ಲಲು ಬಟ್ಟೆ ಕ್ಲಿಪ್ಪು ಸಾಕು. ಎಷ್ಟು ಇಳಿಸಬೇಕು ಎಂಬ ಗುರುತಿಗೆ ಗಾಜಿನ ಹೊರಗೆ ಒಂದು ಸ್ಟಿಕ್ಕರ್ ಬೊಟ್ಟು ಅಂಟಿಸಿದ್ದೇನೆ, ಮೇಲಿನಿಂದ 6 ಇಂಚಿಗೆ. ನಿಮ್ಮ ಟ್ಯಾಂಕಿಗೂ ಅದೇ ಅಳತೆ. ಶುರು ಮಾಡುವ ಮುಂಚೆ ಹೀಟರ್ ಪ್ಲಗ್ ಕಿತ್ತುಬಿಡಿ. ಬಿಸಿಯಾಗಿರುವ ಹೀಟರ್ ನೀರಿನಿಂದ ಹೊರಗೆ ಬಂದರೆ ಅದರ ಗಾಜು ಸೀಳುತ್ತದೆ.

ತುಂಬಿಸಲು ಒಂದು ಡ್ರಮ್ಮು, ಅದರಲ್ಲಿ ಮುಳುಗುವ ಸಣ್ಣ ಮೋಟಾರು. ಕೂಲರ್‌ಗೆ ಹಾಕುವಂಥದ್ದೇ ಆಗುತ್ತದೆ, ಟ್ಯಾಂಕಿನ ಎತ್ತರಕ್ಕೆ ನೀರು ಏರಿಸುತ್ತದಾ ಎಂದು ಕೇಳಿ ತನ್ನಿ. ಇಲ್ಲೇ ನಾನು ಒಮ್ಮೆ ಕೆಟ್ಟೆ. ಪೈಪಿನ ತುದಿಯನ್ನು ಟ್ಯಾಂಕಿನ ತಳದವರೆಗೆ ಇಳಿಬಿಟ್ಟಿದ್ದೆ. ಡ್ರಮ್ಮು ಅರ್ಧ ಆದಾಗ ಮೋಟಾರ್ ಆಫ್ ಮಾಡಿ ಒಗ್ಗರಣೆ ಹಾಕಲು ಹೋದೆ. ಮೋಟಾರ್ ನಿಂತರೂ ನೀರು ನಿಲ್ಲಲಿಲ್ಲ. ಟ್ಯಾಂಕಿನಿಂದ ಅದೇ ಪೈಪಿನಲ್ಲಿ ವಾಪಸ್ ಡ್ರಮ್ಮಿಗೆ, ಡ್ರಮ್ಮು ತುಂಬಿ ಹಾಲಿಗೆ. ಯಜಮಾನರು ಪೇಪರ್ ಓದುತ್ತಾ ಕೂತಿದ್ದರು. "ಕಾಲು ಯಾಕೋ ತಣ್ಣಗಾಗ್ತಿದೆ ಕಣೇ" ಅಂದರು. ಎದ್ದು ನೋಡಲಿಲ್ಲ, ಅಂದರು ಅಷ್ಟೇ. ಅಂದಿನಿಂದ ತುಂಬಿಸುವ ಪೈಪಿನ ತುದಿ ನೀರಿನ ಮೇಲೇ ಇರುತ್ತದೆ, ಮುಳುಗಲು ಬಿಡಲ್ಲ.

ಪ್ರಶ್ನೆ: ಕುಡಿಯುವ ನೀರಿಗೇ ಪರದಾಡುವ ಊರಲ್ಲಿ ವಾರಕ್ಕೆ 150 ಲೀಟರ್ ಮೀನಿಗೆ ಸುರಿಯುತ್ತೀಯಲ್ಲ ಎಂದು ಅತ್ತೆ ಬೈಯುತ್ತಾರೆ. ಏನು ಹೇಳಲಿ? — ಓದುಗರು, ಬೆಂಗಳೂರು

ಉತ್ತರ: ಅತ್ತೆ ಹೇಳುವುದು ಸರಿಯೇ. 2024ರ ಬೇಸಿಗೆ ನೆನಪಿದೆಯಲ್ಲ? ಕುಡಿಯುವ ನೀರಲ್ಲಿ ಕಾರು ತೊಳೆದರೆ, ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಎಂದಿದ್ದರು. ಆಗ ನಮ್ಮ ಕರಿಬೇವು, ದಾಸವಾಳ ಎಲ್ಲ ಬದುಕಿದ್ದು ಟ್ಯಾಂಕಿನ ನೀರಿನಲ್ಲೇ. ಅದರಲ್ಲಿರುವ ನೈಟ್ರೇಟ್ ಗಿಡಕ್ಕೆ ಗೊಬ್ಬರ. ಗಿಡಕ್ಕಾಗಿ ಮಿಕ್ಕಿದ್ದು ನೆಲ ಒರೆಸಲು, ಟಾಯ್ಲೆಟ್ಟಿಗೆ. ಹೇಗಿದ್ದರೂ ಆ ಕೆಲಸಗಳಿಗೆ ನೀರು ಬೇಕಲ್ಲ, ಮೀನಿನ ಮನೆ ಹಾದು ಬರಲಿ. ಉಪ್ಪು ಅಥವಾ ಔಷಧಿ ಹಾಕಿದ ವಾರ ಮಾತ್ರ ಗಿಡಕ್ಕೆ ಬೇಡ.

ನೀರು ಕಮ್ಮಿ ಸಾಕಾಗಬೇಕಾದರೆ ಕಾಳು ಕಮ್ಮಿ ಮಾಡಿ. ದೊಡ್ಡ ಮೀನಿಗೆ ವಾರದಲ್ಲಿ ಒಂದು ದಿನ ಉಪವಾಸ ಇದ್ದರೂ ಏನೂ ಆಗಲ್ಲ. ಮನಿ ಪ್ಲಾಂಟ್ ಬಳ್ಳಿಯ ಬೇರು ಮಾತ್ರ ನೀರಿಗೆ ಇಳಿಯುವಂತೆ ಸಿಕ್ಕಿಸಿ. ನೈಟ್ರೇಟ್ ಹೀರಿಕೊಂಡು ಅದು ಕರ್ಟನ್ ರಾಡಿನವರೆಗೂ ಹಬ್ಬುತ್ತದೆ.

ಪ್ರಶ್ನೆ: ನಲ್ಲಿ ನೀರನ್ನು ನೇರವಾಗಿ ಬಿಡಬಹುದೇ? ಬೇಸಿಗೆಯಲ್ಲಿ ಮೇಲಿನ ಟ್ಯಾಂಕಿನ ನೀರು ಕೈ ಸುಡುತ್ತದೆ. — ಓದುಗರು, ಕಲಬುರಗಿ

ಉತ್ತರ: ಬೆಳಿಗ್ಗೆ 6ಕ್ಕೆ ಹಿಡಿದಿಡಿ, ಮಧ್ಯಾಹ್ನ ಮುಟ್ಟಲೇಬೇಡಿ. ಒಂದು ಕೈ ಟ್ಯಾಂಕಿನಲ್ಲಿ, ಒಂದು ಕೈ ಡ್ರಮ್ಮಿನಲ್ಲಿ ಅದ್ದಿದರೆ ವ್ಯತ್ಯಾಸವೇ ತಿಳಿಯಬಾರದು. ಬರೀ ಕ್ಲೋರಿನ್ ಇದ್ದರೆ ಒಂದು ದಿನ ತೆರೆದಿಟ್ಟು ಗಾಳಿ ಆಡಿಸಿದರೆ ಹೋಗುತ್ತದೆ. ಕ್ಲೋರಿನ್ ಜೊತೆ ಅಮೋನಿಯ ಸೇರಿದ ಕ್ಲೋರಮೈನ್ ಹಾಗೆ ಹೋಗಲ್ಲ, ಅದಕ್ಕೆ ಔಷಧಿಯೇ ಬೇಕು. ಡ್ರಮ್ಮಿಲ್ಲದೆ ನೇರವಾಗಿ ತುಂಬಿಸುವುದಾದರೆ ಆಂಟಿ ಕ್ಲೋರಿನ್ ಹನಿಯನ್ನು ಮೊದಲೇ ಹಾಕಿ. ಅಳತೆ ಹೊಸ ನೀರಿಗಲ್ಲ, ಇಡೀ ಟ್ಯಾಂಕಿಗೆ. ಬೋರ್‌ವೆಲ್ ನೀರಿಗೆ ಕ್ಲೋರಿನ್ ಚಿಂತೆ ಇಲ್ಲದಿದ್ದರೂ ರಾತ್ರಿಯೆಲ್ಲ ಏರ್ ಸ್ಟೋನ್, ಅಂದರೆ ಏರ್ ಪಂಪಿನ ಗುಳ್ಳೆ ಬಿಡುವ ಕಲ್ಲು, ಹಾಕಿಡಿ. ನೆಲದಾಳದ ನೀರಿನಲ್ಲಿ ಆಮ್ಲಜನಕ ಕಮ್ಮಿ ಇರುತ್ತದೆ.

ಪ್ರಶ್ನೆ: ಆರ್‌ಓ ಫಿಲ್ಟರ್ ಹೊರಗೆ ಬಿಡುವ ನೀರು ಸುಮ್ನೆ ಪೋಲಾಗುತ್ತಿದೆ. ಮೀನಿಗೆ ಹಾಕಲೇ? — ಓದುಗರು, ತುಮಕೂರು

ಉತ್ತರ: ಬೇಡ. ನಿಮ್ಮ ಕುಡಿಯುವ ನೀರಿನಿಂದ ತೆಗೆದ ಉಪ್ಪೆಲ್ಲ ಇರುವುದು ಅದರಲ್ಲೇ. ಪಾತ್ರೆ ತೊಳೆಯಲು ಇಟ್ಟುಕೊಳ್ಳಿ.