ಸಮುದ್ರದಿಂದ ದೂರ ಇರುವವರು ಸಮುದ್ರಕ್ಕಾಗಿ ದಿನಾ ಏನು ಮಾಡಬಹುದು?

ನಿಮ್ಮ ಪ್ರಶ್ನೆ ಹೀಗಿದೆ: "ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಇದ್ದೇನೆ. ಸಮುದ್ರ ನೋಡುವುದೇ ವರ್ಷಕ್ಕೆ ಒಂದೆರಡು ಸಲ, ಊರಿಂದ ನೆಂಟರು ಬಂದಾಗ. ಸಮುದ್ರ ಉಳಿಸಿ ಅಂತ ಎಲ್ಲರೂ ಹೇಳುತ್ತಾರೆ. ನನ್ನಂಥವನು ದಿನಾ ಮಾಡುವಂಥದ್ದು ನಿಜವಾಗಿ ಏನಾದರೂ ಇದೆಯಾ, ಇಲ್ಲಾ ಸುಮ್ನೆ ಮಾತಾ?"

ಇದೆ. ನಾನು ಓದಿ ತಿಳಿದವನಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕುಂದಾಪುರದ ಕಡೆಯವನು. 2003ರಲ್ಲಿ ಮುಂಬೈಗೆ ಬಂದೆ, ಈಗ ಅಂಧೇರಿಯಲ್ಲಿ ಸಣ್ಣದೊಂದು ಹೋಟೆಲು. ಇಡ್ಲಿ, ವಡೆ, ದೋಸೆ. ಹೋಟೆಲಿನಲ್ಲಿ ಶುದ್ಧ ಸಸ್ಯಾಹಾರ, ಮನೆಯಲ್ಲಿ ಬಂಗುಡೆ. ನಮ್ಮವರಲ್ಲಿ ಇದು ಹೊಸದೇನಲ್ಲ ಬಿಡಿ.

ಮೊದಲು ಒಂದು ಲೆಕ್ಕ ಸರಿ ಮಾಡೋಣ. ನೀವು ಸಮುದ್ರದಿಂದ ದೂರ ಇಲ್ಲ. ಡೊಂಬಿವಲಿಯ ನಾಲೆಗಳ ನೀರು ಉಲ್ಹಾಸ್ ನದಿಯ ಖಾಡಿ, ಅಂದರೆ ಅಳಿವೆ, ಸೇರುತ್ತದೆ, ಆ ಖಾಡಿ ವಸಯಿ ಹತ್ತಿರ ಅರಬ್ಬಿ ಸಮುದ್ರ ಸೇರುತ್ತದೆ. ನಮ್ಮ ಅಂಧೇರಿ ಕಡೆ ಮೀಠಿ ನದಿ ವಿಹಾರ್ ಮತ್ತು ಪವಾಯಿ ಕೆರೆಗಳ ಕೋಡಿಯಲ್ಲಿ ಹುಟ್ಟಿ ಮಾಹಿಮ್ ಖಾಡಿಗೆ ಹೋಗುತ್ತದೆ. ದಾರಿಯಲ್ಲಿ ಯಾರು ಏನು ಎಸೆದರೂ ಹೊತ್ತುಕೊಂಡು ಹೋಗುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿತ್ತಲ್ಲ, ಆ ರಾತ್ರಿ ನಾವು ಹನ್ನೊಂದು ಜನ ಹೋಟೆಲಿನ ಮೇಜುಗಳ ಮೇಲೆ ಕೂತು ಬೆಳಗು ಮಾಡಿದ್ದೆವು. ನೀರು ಇಳಿದ ಮೇಲೆ ಶಟರಿನ ಅಡಿಯಲ್ಲಿ ಒಂದು ಮೂಟೆಯಷ್ಟು ಪ್ಲಾಸ್ಟಿಕ್ ಸಿಕ್ಕಿತು. ಚರಂಡಿಗಳು ಕಟ್ಟಿಕೊಂಡಿದ್ದಕ್ಕೆ ಅದೂ ಒಂದು ಕಾರಣ. ಕಟ್ಟಿಕೊಳ್ಳದೆ ಹೋಗಿದ್ದರೆ ಅದಷ್ಟೂ ಸಮುದ್ರಕ್ಕೆ ಹೋಗುತ್ತಿತ್ತು, ಅಲ್ವಾ?

ಆದರೂ ನನಗೆ ಬುದ್ಧಿ ಬರಲಿಲ್ಲ. ಬಂದದ್ದು 2017ರಲ್ಲಿ.

ವರ್ಸೋವಾ ಬೀಚಿನಲ್ಲಿ ಅಫ್ರೋಜ್ ಶಾ ಎಂಬ ವಕೀಲರು 2015ರ ಅಕ್ಟೋಬರಿನಲ್ಲಿ ಕಸ ಎತ್ತಲು ಶುರು ಮಾಡಿದ್ದರು. ಆಮೇಲೆ ವಾರವಾರ ಜನ ಸೇರಿದರು. ಮಗಳ ಒತ್ತಾಯಕ್ಕೆ ಒಂದು ಭಾನುವಾರ ನಾನೂ ಹೋದೆ. ಅಲ್ಲಿ ಪ್ಲಾಸ್ಟಿಕ್ ಮರಳಿನ ಮೇಲೆ ಬಿದ್ದಿರುವುದಿಲ್ಲ, ಮರಳಿನೊಳಗೆ ಹೂತಿರುತ್ತದೆ. ಎಳೆದರೆ ಬೇರಿನ ಹಾಗೆ ಉದ್ದಕ್ಕೆ ಬರುತ್ತದೆ. ನನ್ನ ಕೈಗೆ ಸಿಕ್ಕಿದ್ದು ಸಣ್ಣ ಸಣ್ಣ ತೊಟ್ಟೆಗಳು. ತೊಟ್ಟೆ ಅಂದರೆ ನಮ್ಮ ಕಡೆ ಪ್ಲಾಸ್ಟಿಕ್ ಕವರ್. ಬಾಯಿಗೆ ದಾರದ ಗಂಟು ಹಾಗೇ ಇತ್ತು, ಕೆಳಗಿನ ಮೂಲೆ ಹರಿದಿತ್ತು.

ಚಟ್ನಿ ತೊಟ್ಟೆಯ ಗಂಟನ್ನು ಯಾರೂ ಬಿಚ್ಚುವುದಿಲ್ಲ, ಮೂಲೆ ಹರಿದು ಹಿಂಡುತ್ತಾರೆ. ಆ ಗಂಟು ಹಾಕುವವರು ನಾವು. ಅದು ನನ್ನ ಹೋಟೆಲಿನದೇ ಅಂತ ಹೇಳಲಾರೆ, ಅಲ್ಲ ಅಂತಲೂ ಹೇಳಲಾರೆ. ಮನೆಗೆ ಬಂದು ಲೆಕ್ಕ ಹಾಕಿದೆ. ದಿನಕ್ಕೆ ನೂರೈವತ್ತು ಪಾರ್ಸೆಲ್. ಸಾಂಬಾರಿಗೆ ಒಂದು, ಚಟ್ನಿಗೆ ಒಂದು, ಎಲ್ಲ ಹಾಕಿಕೊಡಲು ಮತ್ತೊಂದು. ವರ್ಷಕ್ಕೆ ಒಂದೂವರೆ ಲಕ್ಷದ ಮೇಲಾಯಿತು. ಹತ್ತು ನಿಮಿಷ ಬಳಸುವ ವಸ್ತು.

2018ರ ಜೂನ್ 23ರಿಂದ ಮಹಾರಾಷ್ಟ್ರದಲ್ಲಿ ಪ್ಲಾಸ್ಟಿಕ್ ನಿಷೇಧ ಜಾರಿಗೆ ಬಂತು. ಮೊದಲ ಸಲ ಸಿಕ್ಕಿಬಿದ್ದರೆ 5,000 ರೂಪಾಯಿ ದಂಡ. ಎಲ್ಲರೂ ಹೆದರಿದೆವು. ಆಮೇಲೆ ಮೆಲ್ಲಗೆ ತೊಟ್ಟೆಗಳು ವಾಪಸ್ ಬಂದವು, ನೀವೂ ನೋಡಿದ್ದೀರಿ. ನಾನು ಒಬ್ಬ ಸಪ್ಲೈಯರ್ ಹತ್ತಿರ "ಮಣ್ಣಿನಲ್ಲಿ ಕರಗುತ್ತದೆ" ಅನ್ನುವ ಚೀಲ ಎರಡು ಪಟ್ಟು ದುಡ್ಡು ಕೊಟ್ಟು ತರಿಸಿದೆ. ಹೆಂಡತಿಗೆ ಅನುಮಾನ. ಒಂದನ್ನು ತುಳಸಿ ಕುಂಡದಲ್ಲಿ ಹೂತಳು. ಎಂಟು ತಿಂಗಳ ಮೇಲೆ ತೆಗೆದರೆ ಮೇಲಿನ ಬರಹ ಕೂಡ ಓದಬಹುದಿತ್ತು! ಅಸಲಿ ಕಂಪೋಸ್ಟೇಬಲ್ ಚೀಲಕ್ಕೂ ಬಿಸಿ ಮತ್ತು ತೇವ ಹದವಾಗಿರುವ ಗೊಬ್ಬರದ ಘಟಕ ಬೇಕು. ಸಮುದ್ರದ ನೀರಿನಲ್ಲಿ ಅದು ಬೇಗ ಕರಗುವುದಿಲ್ಲ. ಹಾಗಾಗಿ ಹಸಿರು ಬಣ್ಣ, ಎಲೆಯ ಚಿತ್ರ ನೋಡಿ ಸಮಾಧಾನ ಪಡಬೇಡಿ. ಬಟ್ಟೆಯ ಹಾಗೆ ಕಾಣುವ ಆ ಬಣ್ಣಬಣ್ಣದ ಚೀಲ ಇದೆಯಲ್ಲ, ನಾನ್‌ವೋವನ್ ಅನ್ನುತ್ತಾರೆ, ಅದೂ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕೇ. ಕಾಗದದ ಚಹಾ ಕಪ್ಪಿನ ಒಳಗೂ ಸಾಮಾನ್ಯವಾಗಿ ತೆಳು ಪ್ಲಾಸ್ಟಿಕ್ ಇರುತ್ತದೆ.

ಕೊನೆಗೆ ಒಂದು ಬೋರ್ಡ್ ಹಾಕಿದೆ: ಡಬ್ಬಿ ತಂದರೆ ಐದು ರೂಪಾಯಿ ಕಡಿಮೆ. ಮೊದಲ ತಿಂಗಳು ದಿನಕ್ಕೆ ಏಳೆಂಟು ಜನ. ಹುಡುಗರು ನಕ್ಕರು. ಈಗ ಮೂರರಲ್ಲಿ ಒಬ್ಬರು ತರುತ್ತಾರೆ. ಉಳಿದವರಿಗೆ ತೊಳೆದು ಬಳಸುವಂಥ ಡಬ್ಬಿಯಲ್ಲಿ ಕೊಡುತ್ತೇನೆ, ಅದೂ ಪ್ಲಾಸ್ಟಿಕ್ಕೇ, ಮುಚ್ಚಿಡುವುದಿಲ್ಲ. ನನಗೆ ಅನ್ನಿಸುವುದು, ಮನೆಯವರು ಬಟ್ಟೆ ಚೀಲ ಮರೆಯುವುದಿಲ್ಲ, ಡಬ್ಬಿ ಮಾತ್ರ ಮರೆಯುತ್ತಾರೆ. ದೊಡ್ಡ ಬದಲಾವಣೆ ಇರುವುದು ಆ ಡಬ್ಬಿಯಲ್ಲೇ.

ಮನೆಯ ಉಳಿದ ಕೆಲಸಗಳನ್ನು ಬೇಗ ಹೇಳುತ್ತೇನೆ. ಹಾಲಿನ ತೊಟ್ಟೆಯ ಮೂಲೆಯನ್ನು ಪೂರ್ತಿ ಕತ್ತರಿಸಬೇಡಿ, ತುಂಡು ಅಂಟಿಕೊಂಡೇ ಇರಲಿ. ತೊಟ್ಟೆಯನ್ನು ರದ್ದಿಯವನು ತೂಕಕ್ಕೆ ಕೊಳ್ಳುತ್ತಾನೆ, ಉಗುರಿನಷ್ಟಿರುವ ಆ ತುಂಡನ್ನು ಯಾರೂ ಹೆಕ್ಕುವುದಿಲ್ಲ. ಹಸಿ ಕಸ, ಒಣ ಕಸ ಬೇರೆ ಇಡಿ. ಬೆರೆತರೆ ಎಲ್ಲವೂ ಡಂಪಿಂಗಿಗೆ. ಮುಂಬೈಯ ದೇವನಾರ್, ಕಾಂಜೂರ್‌ಮಾರ್ಗ್ ಎರಡೂ ಥಾಣೆ ಖಾಡಿಯ ಮಗ್ಗುಲಲ್ಲೇ ಇವೆ, ಫ್ಲೆಮಿಂಗೊಗಳು ಬರುವ ಅದೇ ಖಾಡಿ. ಪ್ಯಾಡ್, ವೈಪ್ಸ್ ಟಾಯ್ಲೆಟ್ಟಿಗೆ ಹಾಕಬೇಡಿ. ವರ್ಲಿ, ಬಾಂದ್ರಾದಿಂದ ಕೊಳಚೆಯ ಪೈಪು ಮೂರು ಕಿಲೋಮೀಟರಿಗೂ ಜಾಸ್ತಿ ಸಮುದ್ರದೊಳಗೆ ಹೋಗಿದೆ. ಕರಿದ ಎಣ್ಣೆಯನ್ನು ಸಿಂಕಿಗೆ ಸುರಿಯಬೇಡಿ. ನಾನು ವರ್ಷಗಟ್ಟಲೆ ಸುರಿದಿದ್ದೇನೆ. ಈಗ ಕ್ಯಾನಿನಲ್ಲಿ ತುಂಬಿಟ್ಟರೆ ಬಯೋಡೀಸೆಲ್ ಮಾಡುವವರು ಬಂದು ಒಯ್ಯುತ್ತಾರೆ, ದುಡ್ಡೂ ಕೊಡುತ್ತಾರೆ. ಮನೆಯಲ್ಲಿ ಸ್ವಲ್ಪವೇ ಉಳಿದರೆ ಹಳೇ ಪೇಪರಿನಿಂದ ಒರೆಸಿ ಪಾತ್ರೆ ತೊಳೆಯಿರಿ.

ಇನ್ನು ಮೀನು. ಇದರ ಬಗ್ಗೆ ನಮ್ಮ ಕರಾವಳಿಯವರು ಮಾತಾಡುವುದೇ ಇಲ್ಲ, ಯಾಕೆಂದರೆ ಇಲ್ಲಿ ತಪ್ಪು ನಮ್ಮದೇ ತಟ್ಟೆಯಲ್ಲಿದೆ.

ಸಣ್ಣವನಿದ್ದಾಗ ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ಹಸಿ ಮೀನು ಅಪರೂಪ. ಒಣ ಸಿಗಡಿ ಚಟ್ನಿ, ಗಂಜಿ. ದೋಣಿ ಇಳಿಯುತ್ತಿರಲಿಲ್ಲ. ಈಗ ಸರ್ಕಾರವೇ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳನ್ನು ನಿಲ್ಲಿಸುತ್ತದೆ. ಎಷ್ಟೋ ಮೀನು ಮೊಟ್ಟೆ ಇಡುವ ಕಾಲ ಅದು. ಇಲ್ಲಿನ ಕೋಳಿ ಎಂಬ ಮೀನುಗಾರ ಸಮುದಾಯದವರು ಶ್ರಾವಣದ ನಾರಳಿ ಪೂರ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಅರ್ಪಿಸಿ ಮತ್ತೆ ಕಡಲಿಗೆ ಇಳಿಯುವ ಪದ್ಧತಿ ಹಳೆಯದು. ನಾವು ಮಾತ್ರ ಜುಲೈಯಲ್ಲೂ "ತಾಜಾ" ಪಾಂಪ್ಲೆಟ್ ಹುಡುಕುತ್ತೇವೆ.

ಈ ಪಾಂಪ್ಲೆಟ್, ನಮ್ಮ ಮಾಂಜಿ, 2023ರಲ್ಲಿ ಮಹಾರಾಷ್ಟ್ರದ ರಾಜ್ಯ ಮೀನಾಯಿತು. ಅದೇ ವರ್ಷ ಸರ್ಕಾರ 54 ಜಾತಿಯ ಮೀನುಗಳಿಗೆ ಕನಿಷ್ಠ ಅಳತೆ ಗೊತ್ತು ಮಾಡಿತು. ಬಿಳಿ ಪಾಂಪ್ಲೆಟ್‌ಗೆ 135 ಮಿಲಿಮೀಟರ್, ಬೊಂಬಿಲ್‌ಗೆ (ಬಾಂಬೆ ಡಕ್ ಮೀನು) 180. ಅದಕ್ಕಿಂತ ಸಣ್ಣದು ಒಂದು ಸಲವೂ ಮರಿ ಮಾಡದೆ ಬಲೆಗೆ ಬಿದ್ದದ್ದು ಅಂತ ತಿಳಿಯಿರಿ. ಮಾರ್ಕೆಟ್ಟಿನಲ್ಲಿ ಮೀನು ಮಾರುವ ನನ್ನ ಖಾಯಂ ಮೌಶಿ ಅಗ್ಗಕ್ಕೆ ಅಂತ ಅಂಗೈಯಷ್ಟೂ ಇಲ್ಲದ ಮರಿ ಪಾಂಪ್ಲೆಟ್ ರಾಶಿ ತೋರಿಸುತ್ತಿದ್ದಳು. "ಲಹಾನ್ ನಕೋ ಮೌಶಿ", ಸಣ್ಣದು ಬೇಡ ಅಂತ ನಾಲ್ಕೈದು ವಾರ ಹೇಳಿದೆ. ಬೈದಳು. ಈಗ ನನಗೆ ತೋರಿಸುವುದಿಲ್ಲ, ಬಂಗುಡೆ ಇದ್ದರೆ ಎತ್ತಿಟ್ಟಿರುತ್ತಾಳೆ. ಬಂಗುಡೆ, ಬೂತಾಯಿ ಬೇಗ ಬೆಳೆಯುವ ಮೀನು. ಮರಿ ತಾಟೆ, ಅಂದರೆ ಸಣ್ಣ ಶಾರ್ಕ್, ಇಲ್ಲಿಯವರ ಮುಶಿ, ಅದನ್ನು ಬಿಟ್ಟೇಬಿಟ್ಟೆವು. ಬಾಣಂತಿಗೆ ಒಳ್ಳೆಯದು ಅಂತ ಅಮ್ಮ ತರಿಸುತ್ತಿದ್ದರು. ಆದರೆ ತಾಟೆ ಪ್ರಾಯಕ್ಕೆ ಬರಲು ವರ್ಷಗಳು ಬೇಕು, ಹಾಕುವ ಮರಿಗಳೂ ಕಡಿಮೆ. ಅಮ್ಮನಿಗೆ ಹೇಳಿದಾಗ "ಹಾಗಾದ್ರೆ ಬ್ಯಾಡ, ಬೂತಾಯಿ ಸಾಕ್" ಅಂದರು. ಅಷ್ಟು ಸುಲಭವಾಗಿ ಒಪ್ಪುತ್ತಾರೆ ಅಂತ ನಾನು ಅಂದುಕೊಂಡಿರಲಿಲ್ಲ.

"ಒಬ್ಬ ಮಾಡಿದರೆ ಏನಾಗುತ್ತದೆ" ಅಂತ ನೀವು ಕೇಳಿಲ್ಲ, ಆದರೆ ಪ್ರಶ್ನೆಯ ಒಳಗೆ ಅದೇ ಇದೆ. 2018ರ ಮಾರ್ಚಿನಲ್ಲಿ ವರ್ಸೋವಾದಲ್ಲಿ ಆಲಿವ್ ರಿಡ್ಲೆ ಆಮೆಯ ಮರಿಗಳು ಮರಳಿನಿಂದ ಎದ್ದು ಸಮುದ್ರಕ್ಕೆ ಹೋದವು. ನಾನು ಪೇಪರಿನಲ್ಲಿ ಫೋಟೋ ನೋಡಿದ್ದು ಅಷ್ಟೇ, ಆ ಹೊತ್ತಿಗೆ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದೆ. ಹಾಗಂತ ಕಸ ನಿಂತಿತು ಅಂತಲ್ಲ. ಮಳೆಗಾಲದ ದೊಡ್ಡ ಉಬ್ಬರ ಬಂದ ಮರುದಿನ ಈಗಲೂ ಬೀಚ್ ನೋಡಿದರೆ ಸಿಟ್ಟು ಬರುತ್ತದೆ.

ಅಂಧೇರಿ ಕಡೆ ಬಂದರೆ ಡಬ್ಬಿ ಹಿಡಿದು ಬನ್ನಿ. ಎರಡು ತನ್ನಿ. ಚಟ್ನಿಗೆ ಬೇರೆ ಬೇಕು ಅನ್ನುವುದನ್ನು ಎಲ್ಲರೂ ಮರೆಯುತ್ತಾರೆ, ಆಮೇಲೆ ಇಡ್ಲಿಯ ಮೇಲೇ ಸುರಿದುಕೊಡಿ ಅನ್ನುತ್ತಾರೆ.